ಅಮೆರಿಕದ ವಿದ್ಯಾರ್ಥಿ ಸಾಲ: ಮನ್ನಾ ಯಾರಿಗೆ ಸಿಗುತ್ತದೆ, ಎಲ್ಲಿ ಕೈತಪ್ಪುತ್ತದೆ

ಪ್ರಶ್ನೆ: ನಾನು ಅಮೆರಿಕದ ಪ್ರಜೆ. ಮೆಡಿಕಲ್ ಓದಲು ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಮಾಡಿದ್ದೆ. ಒಹಾಯೊದ ಲಾಭರಹಿತ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ (ಪದವಿಯ ನಂತರದ ವೈದ್ಯ ತರಬೇತಿ) ಮುಗಿಸಿ ಈಗ ಅಲ್ಲೇ ವೈದ್ಯೆಯಾಗಿದ್ದೇನೆ. ಹತ್ತು ವರ್ಷ ಕಂತು ಕಟ್ಟಿದರೆ ಉಳಿದದ್ದು ಮನ್ನಾ ಎನ್ನುತ್ತಾರೆ. ಹತ್ತು ವರ್ಷ ತುಂಬಿದ ಮೇಲೆ ಅರ್ಜಿ ಹಾಕಿದರೆ ಸಾಕೆ?

ಉತ್ತರ: ಅಲ್ಲಿಯವರೆಗೆ ಕಾಯಬೇಡಿ, ಈ ವಾರವೇ ಶುರು ಮಾಡಿ. ನೀವು ಹೇಳುತ್ತಿರುವುದು 2007ರ ಕಾನೂನಿನಿಂದ ಬಂದ ಸಾರ್ವಜನಿಕ ಸೇವಾ ಸಾಲ ಮನ್ನಾ, ಎಲ್ಲರೂ ಪಿಎಸ್‌ಎಲ್‌ಎಫ್ ಎನ್ನುವ ಯೋಜನೆ. ಇಲ್ಲಿ ಎಣಿಸುವುದು ವರ್ಷಗಳನ್ನಲ್ಲ, 120 ಅರ್ಹ ಕಂತುಗಳನ್ನು. ಅವು ಒಂದರ ಹಿಂದೊಂದು ಬರಬೇಕೆಂದೇನಿಲ್ಲ. ಆದರೆ ಸಾಲ 'ಡೈರೆಕ್ಟ್ ಲೋನ್', ಅಂದರೆ ಫೆಡರಲ್ ಸರ್ಕಾರವೇ ನೇರವಾಗಿ ಕೊಟ್ಟ ಸಾಲ ಆಗಿರಬೇಕು. ಕಂತು ಆದಾಯ ಆಧಾರಿತ ಯೋಜನೆಯಲ್ಲೋ ಹತ್ತು ವರ್ಷದ ಸ್ಟ್ಯಾಂಡರ್ಡ್ ಯೋಜನೆಯಲ್ಲೋ ಇರಬೇಕು. ಆ ತಿಂಗಳು ನೀವು ವಾರಕ್ಕೆ 30 ಗಂಟೆಯಾದರೂ ಸರ್ಕಾರದ ಅಥವಾ 501(ಸಿ)(3) (ತೆರಿಗೆ ವಿನಾಯಿತಿಯ ಲಾಭರಹಿತ) ಸಂಸ್ಥೆಯ ಕೆಲಸದಲ್ಲಿರಬೇಕು. ಹೀಗಿದ್ದರೆ ರೆಸಿಡೆನ್ಸಿಯ ತಿಂಗಳುಗಳೂ ಸೇರುತ್ತವೆ. ಆದಾಯ ಕಡಿಮೆಯಿದ್ದು ಕಂತು ಸೊನ್ನೆ ಡಾಲರ್ ಎಂದು ಬಂದಿದ್ದರೂ ಅದು ಒಂದು ಕಂತೇ.

ವೈದ್ಯರು ಎಡವುವುದು ಹೆಚ್ಚಾಗಿ ನೌಕರಿಯ ವಿಷಯದಲ್ಲಿ. ಆಸ್ಪತ್ರೆ ಲಾಭರಹಿತವಾದರೂ ವೈದ್ಯರಿಗೆ ಸಂಬಳ ಕೊಡುವುದು ಎಷ್ಟೋ ಕಡೆ ಬೇರೊಂದು ಖಾಸಗಿ ಸಂಸ್ಥೆ. ರೆಸಿಡೆನ್ಸಿ ಮುಗಿದ ಮೇಲೂ ಅದೇ ವಾರ್ಡು, ಅದೇ ರೋಗಿಗಳು. ಕಾಗದದ ಮೇಲೆ ಮಾತ್ರ ಉದ್ಯೋಗದಾತರು ಬದಲಾಗಿರುತ್ತಾರೆ. ಹಾಗಾದರೆ ಆಮೇಲಿನ ಕಂತುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯದ ಕಾನೂನೇ ಆಸ್ಪತ್ರೆಗಳು ವೈದ್ಯರನ್ನು ನೇರವಾಗಿ ನೇಮಿಸಿಕೊಳ್ಳದಂತೆ ತಡೆಯುವ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಮಾತ್ರ 2023ರ ಜುಲೈಯಿಂದ ಇದಕ್ಕೆ ವಿನಾಯಿತಿ ಇದೆ. ಆದ್ದರಿಂದ ಮೊದಲು ನಿಮ್ಮ ಡಬ್ಲ್ಯೂ-2 (ಉದ್ಯೋಗದಾತರು ವರ್ಷಕ್ಕೊಮ್ಮೆ ಕೊಡುವ ಸಂಬಳ-ತೆರಿಗೆ ಪತ್ರ) ತೆಗೆದು 'ಬಿ' ಎಂದಿರುವ ಚೌಕ ನೋಡಿ. ಎರಡು ಅಂಕಿ, ಒಂದು ಅಡ್ಡಗೆರೆ, ಏಳು ಅಂಕಿ: ಅದೇ ಉದ್ಯೋಗದಾತರ ಗುರುತಿನ ಸಂಖ್ಯೆ, ಇಐಎನ್. ಸ್ಟೂಡೆಂಟ್‌ಏಡ್ ಸರ್ಕಾರಿ ಜಾಲತಾಣದ ಪಿಎಸ್‌ಎಲ್‌ಎಫ್ ಪುಟದಲ್ಲಿ ಆ ಸಂಖ್ಯೆ ಹಾಕಿದರೆ ಸಂಸ್ಥೆ ಅರ್ಹವೋ ಅಲ್ಲವೋ ಗೊತ್ತಾಗುತ್ತದೆ. ರೆಸಿಡೆನ್ಸಿ ಕಾಲದ ಡಬ್ಲ್ಯೂ-2 ಸಂಖ್ಯೆಯನ್ನೂ ಬೇರೆಯಾಗಿ ಹಾಕಿ ನೋಡಿ.

ಅರ್ಜಿ ನಮೂನೆಯೂ ಅಲ್ಲೇ ತಯಾರಾಗುತ್ತದೆ. ಎಚ್‌ಆರ್ ವಿಭಾಗದ ಸಹಿ ಆನ್‌ಲೈನ್‌ನಲ್ಲೇ ಆಗುತ್ತದೆ. ವರ್ಷಕ್ಕೊಮ್ಮೆ, ಮತ್ತು ಕೆಲಸ ಬಿಟ್ಟಾಗಲೆಲ್ಲ ಇದನ್ನು ಕಳಿಸಿ. ಹತ್ತು ವರ್ಷದಲ್ಲಿ ಆಸ್ಪತ್ರೆಗಳು ಕೈ ಬದಲಾಗುತ್ತವೆ, ಹಳೆಯ ದಾಖಲೆ ತೆಗೆದು ಸಹಿ ಹಾಕುವವರೇ ಸಿಗುವುದಿಲ್ಲ. ಎಣಿಕೆಯಲ್ಲಿ ತಪ್ಪಿದ್ದರೂ ಎರಡನೇ ವರ್ಷದಲ್ಲಿ ಸರಿಪಡಿಸುವುದು ಸುಲಭ, ಹತ್ತನೆಯದರಲ್ಲಿ ಪ್ರಾಣಸಂಕಟ.

ಆದಾಯ ಆಧಾರಿತ ಕಂತಿನ 'ಸೇವ್' ಯೋಜನೆಯಲ್ಲಿದ್ದಿರಾ? ಕೋರ್ಟ್ ತಡೆಯಿಂದಾಗಿ 2024ರ ಬೇಸಿಗೆಯಿಂದ ಆ ಖಾತೆಗಳ ಕಂತು ನಿಂತಿತು, ಆ ತಿಂಗಳುಗಳು ಎಣಿಕೆಗೆ ಸೇರಲಿಲ್ಲ. ಇನ್ನೊಂದು ಆದಾಯ ಆಧಾರಿತ ಯೋಜನೆಯಾದ ಐಬಿಆರ್‌ಗೆ ಬದಲಾಯಿಸಿಕೊಳ್ಳಿ. ಬಿಟ್ಟುಹೋದ ತಿಂಗಳುಗಳ ಹಣ ಕಟ್ಟಿ ಅವನ್ನು ಎಣಿಕೆಗೆ ಸೇರಿಸಿಕೊಳ್ಳುವ 'ಬೈಬ್ಯಾಕ್' ಇದೆ. ಆದರೆ ಅದು ಅವುಗಳಿಂದ 120 ಪೂರ್ತಿಯಾಗುವವರಿಗೆ ಮಾತ್ರ. ಬಡ್ಡಿ ಕಡಿಮೆ ಎಂದು ಖಾಸಗಿ ಬ್ಯಾಂಕಿಗೆ ರೀಫೈನಾನ್ಸ್ ಮಾಡಲೇಬೇಡಿ. ಮಾಡಿದ ದಿನವೇ ಸಾಲ ಫೆಡರಲ್ ಆಗಿ ಉಳಿಯುವುದಿಲ್ಲ, ಹಿಂದಕ್ಕೆ ತರುವ ದಾರಿಯೂ ಇಲ್ಲ. ಮನ್ನಾ ಮಾಡಿಸಿಕೊಡುತ್ತೇವೆ, ಫೀ ಕೊಡಿ ಎನ್ನುವವರಿಗೆ ಲಾಗಿನ್ ವಿವರ ಕೊಡಬೇಡಿ. ಈ ಅರ್ಜಿಗೆ ಒಂದು ಸೆಂಟೂ ಖರ್ಚಿಲ್ಲ. ಪಿಎಸ್‌ಎಲ್‌ಎಫ್‌ನಲ್ಲಿ ಮನ್ನಾ ಆದ ಮೊತ್ತಕ್ಕೆ ಫೆಡರಲ್ ಆದಾಯ ತೆರಿಗೆಯೂ ಇಲ್ಲ.

ಪ್ರಶ್ನೆ: ಮಗ ಎಫ್-1 ವೀಸಾದಲ್ಲಿ ಎಂ.ಎಸ್. ಮಾಡಿದ. ಸಾಲ ಬೆಂಗಳೂರಿನ ಬ್ಯಾಂಕಿನದು, ಮನೆ ಅಡ ಇಟ್ಟು ನನ್ನ ಹೆಸರಲ್ಲೇ ತೆಗೆದದ್ದು. ಅವನೀಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೂ ಮನ್ನಾ ಸಿಗುತ್ತದೆಯೆ?

ಉತ್ತರ: ಇಲ್ಲ. ಮನ್ನಾ ಆಗುವುದು ಅಮೆರಿಕ ಸರ್ಕಾರ ಕೊಟ್ಟ ಸಾಲ ಮಾತ್ರ. ಎಫ್-1 ವಿದ್ಯಾರ್ಥಿಗಳಿಗೆ ಆ ಸಾಲವೇ ಸಿಗುವುದಿಲ್ಲ. ಮುಂದೆ ಗ್ರೀನ್ ಕಾರ್ಡ್ ಬಂದರೂ ಈ ಹಳೆಯ ಸಾಲಕ್ಕೆ ಮನ್ನಾ ಅನ್ವಯಿಸದು. ಮಗ ಕಂತು ತಪ್ಪಿಸಿದರೆ ಹಾಳಾಗುವುದು ನಿಮ್ಮ ಸಿಬಿಲ್ ಅಂಕ, ಅಪಾಯಕ್ಕೆ ಸಿಗುವುದು ನಿಮ್ಮ ಮನೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ನಿಮ್ಮ ಆದಾಯದಿಂದಲೇ ಬಡ್ಡಿ ಕಟ್ಟುತ್ತಿದ್ದರೆ, ಕಟ್ಟಲು ಶುರುವಾದ ವರ್ಷದಿಂದ 8 ವರ್ಷದವರೆಗೆ ಪೂರ್ತಿ ಬಡ್ಡಿಗೆ ಕಡಿತ ಸಿಗುತ್ತದೆ. ಬ್ಯಾಂಕಿನಿಂದ ಪ್ರತಿ ವರ್ಷ ಬಡ್ಡಿ ಪ್ರಮಾಣಪತ್ರ ತೆಗೆದುಕೊಳ್ಳಿ.

ಪ್ರಶ್ನೆ: ನನ್ನ ಓದಿಗೆ ಅಪ್ಪ ಪೇರೆಂಟ್ ಪ್ಲಸ್ (ಮಕ್ಕಳ ಓದಿಗೆ ಹೆತ್ತವರು ತೆಗೆಯುವ ಫೆಡರಲ್) ಸಾಲ ತೆಗೆದಿದ್ದರು. ಅವರೀಗ ಇಲ್ಲ. ಬಾಕಿ ನಾನು ಕಟ್ಟಬೇಕೆ?

ಉತ್ತರ: ಬೇಕಿಲ್ಲ. ಸಾಲ ಅವರೊಬ್ಬರ ಹೆಸರಿನದು, ಅವರೊಂದಿಗೇ ರದ್ದಾಗುತ್ತದೆ. ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಯನ್ನು ಸಾಲದ ಸರ್ವೀಸರ್‌ಗೆ (ಕಂತು ವಸೂಲಿ ನೋಡಿಕೊಳ್ಳುವ ಕಂಪನಿಗೆ) ಕಳಿಸಿ, ರದ್ದಾದ ಬಗ್ಗೆ ಬರುವ ಪತ್ರವನ್ನು ಜೋಪಾನವಾಗಿಡಿ. ತಾಯಿಯೂ ಪ್ರತ್ಯೇಕವಾಗಿ ಪ್ಲಸ್ ಸಾಲ ತೆಗೆದಿದ್ದರೆ ಅದು ಹಾಗೆಯೇ ಉಳಿಯುತ್ತದೆ, ಅದರ ಕಂತು ನಿಲ್ಲಿಸಬೇಡಿ.