ಪೊಮೇಡ್ ಹಚ್ಚಿದರೆ ಕೂದಲು ಉದುರುತ್ತದಾ? ದಿನಾ ಹಚ್ಚಬಹುದಾ?

ಮುಂದಿನ ತಿಂಗಳು ಅಕ್ಕನ ಮದುವೆ, ಮೊದಲ ಸಲ ಪೊಮೇಡ್ (ಕೂದಲನ್ನು ಬೇಕಾದಂತೆ ಕೂರಿಸಲು ಹಚ್ಚುವ ಮುಲಾಮಿನಂಥದ್ದು) ತಗೊಳ್ಳಬೇಕು, ಆದರೆ ಕೂದಲು ಉದುರೀತು ಅಂತ ಭಯ ಎಂದು ಬರೆದಿದ್ದೀರಿ. ಆ ಭಯ ಬಿಡಿ. ಕೂದಲು ಹುಟ್ಟುವುದು ಚರ್ಮದೊಳಗಿನ ಬುಡದಲ್ಲಿ, ಪೊಮೇಡ್ ಕೂರುವುದು ಹೊರಗಿನ ಎಳೆಯ ಮೇಲೆ. ಗಂಡಸರಿಗೆ ನೆತ್ತಿ ತೆಳ್ಳಗಾಗುವುದು ಹೆಚ್ಚಾಗಿ ವಂಶದಿಂದ ಮತ್ತು ಹಾರ್ಮೋನಿನಿಂದ. ಆದರೆ ಅಂಟಿಕೊಂಡ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆದರೆ ಮಧ್ಯಕ್ಕೇ ತುಂಡಾಗುತ್ತದೆ.

ನಿಜವಾಗಿ ನೋಡಿಕೊಳ್ಳಬೇಕಾದದ್ದು ಹಣೆ. ನಾನು ಆರು ವರ್ಷದಿಂದ ಹಚ್ಚುತ್ತಿದ್ದೇನೆ. ಮೊದಲ ಬೇಸಿಗೆಯಲ್ಲಿ ಕೂದಲಿನ ಅಂಚಿಗೆ ಸಾಲಾಗಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಕೆನ್ನೆಯಲ್ಲಿ ಒಂದೂ ಇಲ್ಲ. ಫೇಸ್‌ವಾಶ್ ಎರಡು ಸಲ ಬದಲಾಯಿಸಿದೆ, ಏನೂ ಆಗಲಿಲ್ಲ. ಕೊನೆಗೆ ಚರ್ಮದ ಡಾಕ್ಟರ್ ನನ್ನ ಹೆಲ್ಮೆಟ್ ತೋರಿಸಲು ಹೇಳಿದರು. ಹಣೆ ತಾಗುವ ಸ್ಪಂಜಿನ ಮೇಲೆ ಹಳದಿ ಜಿಡ್ಡು ಕಟ್ಟಿತ್ತು. ದಿನಾ ಬೆವರಿನ ಜೊತೆ ಅದೇ ಹಣೆಗೆ ಒತ್ತುತ್ತಿತ್ತು. 1970ರಲ್ಲೇ ಅಮೆರಿಕದ ವೈದ್ಯರು ಇದನ್ನು ‘ಪೊಮೇಡ್ ಆಕ್ನೆ’ ಎಂದು ಕರೆದು ಬರೆದಿದ್ದರು. ಜಿಡ್ಡು ಚರ್ಮದ ರಂಧ್ರ ಮುಚ್ಚಿದಾಗ ಬರುವ ಮೊಡವೆ, ಅಷ್ಟೆ. ಹಚ್ಚುವುದು ನಿಲ್ಲಿಸಿ ಸ್ಪಂಜು ತೊಳೆದ ಮೇಲೆ ಇಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಪೊಮೇಡಿನಲ್ಲಿ ಎರಡು ಜಾತಿ. ಹಳೆಯದು ವ್ಯಾಸಲೀನ್ ಥರದ ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ ಸೇರಿಸಿ ಮಾಡಿದ್ದು. ಹೊಳಪು ಜಾಸ್ತಿ, ಇಡೀ ದಿನ ಗಟ್ಟಿಯಾಗುವುದಿಲ್ಲ, ಆದರೆ ನೀರಿಗೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಇನ್ನೊಂದು ನೀರಿನಲ್ಲಿ ಕರಗುವಂಥದ್ದು. ಡಬ್ಬಿಯ ಹಿಂದೆ ಮೊದಲ ಪದಾರ್ಥ ನೀರು ಅಂತಿದ್ದರೆ ಸಾಮಾನ್ಯವಾಗಿ ಅದೇ. ಹೊಸಬರಾದ ನಿಮಗೆ ನಾನು ಹೇಳುವುದು ಇದನ್ನೇ.

ಕಡಲೆಕಾಳಿನಷ್ಟು ತೆಗೆದು, ಕಾಣದಷ್ಟು ಕರಗುವ ತನಕ ಅಂಗೈಯಲ್ಲಿ ಉಜ್ಜಿ. ಹಿಂದಿನಿಂದ ಶುರು ಮಾಡಿ, ಮುಂಗೂದಲಿಗೆ ಕೊನೆಯಲ್ಲಿ ಬನ್ನಿ. ತಲೆಯ ಚರ್ಮಕ್ಕೆ ತಿಕ್ಕಬೇಡಿ. ದಿನಾ ಹಚ್ಚಬಹುದು, ಆದರೆ ತೊಳೆಯದೆ ಮಲಗಬೇಡಿ. ದಿಂಬಿಗೆ ಹತ್ತಿದ್ದು ಮುಖಕ್ಕೆ ಬರುತ್ತದೆ. ಹಳೆಯ, ಜಿಡ್ಡಿನ ಜಾತಿಯದ್ದು ಹಚ್ಚಿದ್ದರೆ ಒಣ ಕೂದಲಿಗೇ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ, ಐದು ನಿಮಿಷ ಬಿಟ್ಟು ಶಾಂಪೂ ಹಾಕಿ. ಜಿಡ್ಡನ್ನು ಎಣ್ಣೆಯೇ ಸಡಿಲ ಮಾಡುತ್ತದೆ. ತಲೆಹೊಟ್ಟು ಜಾಸ್ತಿ ಇದ್ದರೆ ಮೊದಲು ಅದಕ್ಕೆ ಔಷಧಿ ಮಾಡಿ.

ಇನ್ನೊಂದು ಮಾತು. ಕೆಲವರಿಗೆ ಇದರ ಸುವಾಸನೆ, ಕುರಿಯುಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಒಗ್ಗುವುದಿಲ್ಲ. ಹಾಗಾಗಿ ಮುಹೂರ್ತದ ಬೆಳಿಗ್ಗೆ ಡಬ್ಬಿ ತೆರೆಯಬೇಡಿ. ಈ ವಾರವೇ ತಂದು ಮೊಣಕೈ ಒಳಮಡಿಕೆಗೆ ಒಂದು ಚೂರು ಹಚ್ಚಿ, ಕೆಲವು ದಿನ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ತಲೆಗೆ ಹಚ್ಚಿ.