ಇಂಗ್ಲೆಂಡಿನ ಯುದ್ಧಕಾಲದ ವಿಮಾನ ತಾಣಗಳನ್ನು ನೋಡಲು ಗೈಡೆಡ್ ಟೂರ್ ತಗೊಳ್ಳಬೇಕಾ, ನಾವೇ ಸುತ್ತಬಹುದಾ?

ನೀವು ಕೇಳಿರುವುದು ಇಷ್ಟು: ಜೂನ್‌ನಲ್ಲಿ ಲಂಡನ್‌ನ ಮಗಳ ಮನೆಗೆ ಬರುತ್ತಿದ್ದೀರಿ, ಜೊತೆಗೆ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ನಿಮ್ಮಣ್ಣ ಇರುತ್ತಾರೆ. ಎರಡನೇ ಮಹಾಯುದ್ಧದ ಏರ್‌ಫೀಲ್ಡ್, ಮ್ಯೂಸಿಯಂಗಳನ್ನೆಲ್ಲ ಒಂದೇ ವಾರದಲ್ಲಿ ತೋರಿಸುವ ಕೋಚ್ ಟೂರ್ ಒಂದನ್ನು ನೋಡಿದ್ದೀರಿ, ದುಡ್ಡು ಜಾಸ್ತಿ ಅನಿಸಿದೆ, ತಗೊಳ್ಳೋದಾ ಬೇಡವಾ ಅಂತ.

ನಾನು ಇಲ್ಲಿ ನೆಲೆಸಿ ವರ್ಷಗಳಾದವು. ಊರಿಂದ ಬಂದವರನ್ನು ಇಂಥ ಜಾಗಗಳಿಗೆ ಕರೆದುಕೊಂಡು ಹೋಗುವುದು ನನಗೊಂದು ಖುಷಿ. ನನ್ನ ಉತ್ತರ ಇದು. ದೊಡ್ಡ ಮ್ಯೂಸಿಯಂಗಳಿಗೆ ಗೈಡ್ ಬೇಡ. ಏನೂ ಉಳಿದಿಲ್ಲದ ಜಾಗಗಳಿಗೆ ಗೈಡ್ ಬೇಕೇ ಬೇಕು. ಕೋಚ್ ಟೂರ್‌ಗಳು ಎಷ್ಟೋ ಸಲ ಇದನ್ನು ಉಲ್ಟಾ ಮಾಡುತ್ತವೆ. ಬೋರ್ಡು, ವಿಡಿಯೋ, ಸ್ವಯಂಸೇವಕರು ಎಲ್ಲ ಇರುವ ಮ್ಯೂಸಿಯಂನಲ್ಲಿ ಮೈಕ್ ಹಿಡಿದು ನಮ್ಮ ಹಿಂದೆಯೇ ಬರುತ್ತಾರೆ. ಮಾತಾಡಬೇಕಾದ ಬಯಲಿನ ಹತ್ತಿರ ಮಾತ್ರ 'ಎಡಗಡೆ ಕಾಣಿಸ್ತಿರೋದು ಹಳೇ ಏರ್‌ಫೀಲ್ಡ್' ಅಂತ ಬಸ್ಸು ನಿಲ್ಲಿಸದೇ ಹೋಗಿಬಿಡುತ್ತಾರೆ. ಇಂಥದ್ದೊಂದು ಟೂರ್‌ನಲ್ಲಿ ನಾನೂ ಕೂತಿದ್ದೇನೆ, ಕಂಪನಿ ಹೆಸರು ಬೇಡ. ಊಟದ ಬ್ರೇಕ್, ಗಿಫ್ಟ್ ಶಾಪ್ ಬ್ರೇಕ್ ಎರಡೂ ಧಾರಾಳವಾಗಿದ್ದವು.

ಮೊದಲು ಹೆಂಡನ್. ಉತ್ತರ ಲಂಡನ್‌ನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ. ಪ್ರವೇಶ ಉಚಿತ. ನಾರ್ದರ್ನ್ ಲೈನ್‌ನಲ್ಲಿ ಕೋಲಿಂಡೇಲ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಅಲ್ಲಿರುವ ಲ್ಯಾಂಕಾಸ್ಟರ್ ಬಾಂಬರ್ 137 ದಾಳಿಗಳಿಗೆ ಹೋಗಿ ಬಂದ ವಿಮಾನ. ಶತ್ರುವಿನ ಒಂದು ವಿಮಾನವೂ ನಮ್ಮ ನೆಲದ ಮೇಲೆ ಹಾರುವುದಿಲ್ಲ ಅಂತ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಜಂಬ ಕೊಚ್ಚಿಕೊಂಡ ಮಾತನ್ನೇ ಅದರ ಮೂತಿಯ ಪಕ್ಕ ಪೇಂಟ್ ಮಾಡಿಟ್ಟಿದ್ದಾರೆ, ಅದರ ಜೊತೆಗೇ ದಾಳಿಗೊಂದರಂತೆ ಬಾಂಬಿನ ಗುರುತುಗಳ ಸಾಲು.

ಆದರೆ ನಿಮ್ಮಣ್ಣನನ್ನು ನಿಲ್ಲಿಸಬೇಕಾದದ್ದು ಆ ಮ್ಯೂಸಿಯಂನ ಲಿಬರೇಟರ್ ಮುಂದೆ. ಅದನ್ನು 1974ರಲ್ಲಿ ಕೊಟ್ಟದ್ದು ನಮ್ಮ ಭಾರತೀಯ ವಾಯುಪಡೆ. ಈ ಲಿಬರೇಟರ್‌ಗಳ ಕಥೆ ಎಚ್‌ಎಎಲ್‌ನವರಿಗೆ ಗೊತ್ತಿರಬೇಕು. ಯುದ್ಧ ಮುಗಿದಾಗ ಬ್ರಿಟಿಷರ ಹತ್ತಿರವಿದ್ದ ಈ ಅಮೆರಿಕನ್ ಬಾಂಬರ್‌ಗಳು ಎರವಲು ಸಾಮಾನು. ಒಪ್ಪಂದದ ಪ್ರಕಾರ ವಾಪಸ್ ಕೊಡಬೇಕು, ಇಲ್ಲ ನಾಶ ಮಾಡಬೇಕು. ಹಾಗಾಗಿ ಕಾನ್ಪುರದಲ್ಲಿ ಸಾಲುಗಟ್ಟಿ ನಿಲ್ಲಿಸಿ, ಬೇಕಂತಲೇ ಹಾಳುಗೆಡವಿ ಹೋದರು. 1948ರಲ್ಲಿ ಹೊಸ ದೇಶಕ್ಕೆ ದೊಡ್ಡ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಎಚ್‌ಎಎಲ್‌ನವರು ಆ ಗುಜರಿಯಲ್ಲೇ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರಿದರೆ ಸಾಕು ಅನ್ನುವಷ್ಟು ರಿಪೇರಿ ಮಾಡಿದರು. ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅಲ್ಲಿ ಪೂರ್ತಿ ಸಜ್ಜಾದ ಮೇಲೆ ವಾಯುಪಡೆಗೆ ಹೋದವು, ಒಟ್ಟು 40ಕ್ಕೂ ಹೆಚ್ಚು. 1968ರವರೆಗೂ ಹಾರಿದವು. ಅಷ್ಟು ಹೊತ್ತಿಗೆ ಉಳಿದ ಜಗತ್ತು ಲಿಬರೇಟರ್‌ಗಳನ್ನು ಕರಗಿಸಿಬಿಟ್ಟಿತ್ತು, ಅದಕ್ಕೇ ಇಲ್ಲಿನ ಮತ್ತು ಅಮೆರಿಕದ ಕೆಲವು ಮ್ಯೂಸಿಯಂಗಳು ಭಾರತದ ಕಡೆ ಕೈಚಾಚಿದವು. ಕೋಚ್ ಟೂರ್‌ನ ಗೈಡ್ ಇದನ್ನೆಲ್ಲ ಹೇಳುತ್ತಾನೆ ಅಂತ ನನಗೆ ನಂಬಿಕೆಯಿಲ್ಲ. ನಿಮ್ಮಣ್ಣನೇ ಹೇಳಲಿ, ಸುತ್ತ ನಾಲ್ಕು ಜನ ಸೇರುತ್ತಾರೆ.

ಎರಡನೆಯದು ಡಕ್ಸ್‌ಫರ್ಡ್, ಕೇಂಬ್ರಿಡ್ಜ್ ಹತ್ತಿರ. 1938ರಲ್ಲಿ ಮೊದಲ ಸ್ಪಿಟ್‌ಫೈರ್ ಫೈಟರ್ ವಿಮಾನಗಳು ಸ್ಕ್ವಾಡ್ರನ್ ಸೇವೆಗೆ ಬಂದದ್ದು ಇಲ್ಲಿಗೇ. ಇದಕ್ಕೂ ಟೂರ್ ಬೇಡ. ರೈಲಲ್ಲಿ ವಿಟಲ್ಸ್‌ಫರ್ಡ್ ಪಾರ್ಕ್‌ವೇ ತನಕ ಹೋಗಿ ಟ್ಯಾಕ್ಸಿ ಹಿಡಿಯಿರಿ. ಇಡೀ ದಿನ ಇಟ್ಟುಕೊಳ್ಳಿ, ಸಾಲದು ಅನಿಸುತ್ತೆ. ಇದು ಬರೀ ಪ್ರದರ್ಶನ ಅಲ್ಲ, ನಡೆಯುತ್ತಿರುವ ಏರ್‌ಫೀಲ್ಡ್. ಹವಾ ಚೆನ್ನಾಗಿದ್ದರೆ ಸ್ಪಿಟ್‌ಫೈರ್ ನಿಮ್ಮ ತಲೆಯ ಮೇಲೇ ಹಾರುತ್ತೆ. ಹ್ಯಾಂಗರ್‌ಗಳ ಸಾಲಿನಲ್ಲಿ ಒಂದು ಕಡೆ ಖಾಲಿ ಜಾಗ ಕಾಣುತ್ತದೆ, ಅದು ಜರ್ಮನ್ ಬಾಂಬಿನ ಕೆಲಸ ಅಂದುಕೊಳ್ಳಬೇಡಿ. 1968ರಲ್ಲಿ ಒಂದು ಯುದ್ಧದ ಸಿನಿಮಾ ಶೂಟಿಂಗ್‌ಗೋಸ್ಕರ ಅಲ್ಲಿದ್ದ ಹ್ಯಾಂಗರನ್ನು ನಿಜವಾಗಿಯೂ ಉಡಾಯಿಸಿಬಿಟ್ಟರು! ಹಿಟ್ಲರ್ ಕೈಲಿ ಆಗದ್ದು ಸಿನಿಮಾದವರ ಕೈಲಿ ಆಯ್ತು.

ಈಗ ಗೈಡ್ ಬೇಕಾದ ಜಾಗಗಳು. ಪಶ್ಚಿಮ ಲಂಡನ್‌ನ ಅಕ್ಸ್‌ಬ್ರಿಡ್ಜ್‌ನಲ್ಲಿ ಬ್ಯಾಟಲ್ ಆಫ್ ಬ್ರಿಟನ್ (ಜರ್ಮನ್ ವಾಯುಪಡೆಯ ವಿರುದ್ಧ 1940ರ ವಾಯುಯುದ್ಧ) ಬಂಕರ್ ಇದೆ. ಇದೊಂದನ್ನು ಮಾತ್ರ ಬಿಡಬೇಡಿ. 1940ರಲ್ಲಿ ಆಗ್ನೇಯ ಇಂಗ್ಲೆಂಡಿನ ಆಕಾಶದ ಕಾಳಗವನ್ನೆಲ್ಲ ನಡೆಸಿದ್ದು ನೆಲದಡಿಯ ಈ ಒಂದು ಕೋಣೆಯಿಂದ. 76 ಮೆಟ್ಟಿಲು ಇಳಿಯಬೇಕು, ಲಿಫ್ಟ್ ಇಲ್ಲ, ಮಂಡಿನೋವು ಇದ್ದರೆ ಮೊದಲೇ ಯೋಚಿಸಿ. ಕೆಳಗೆ ದೊಡ್ಡ ಮೇಜಿನ ಮೇಲೆ ನಕಾಶೆ, ಅದರ ಮೇಲೆ ಚಿಕ್ಕ ಚಿಕ್ಕ ಬಿಲ್ಲೆಗಳು. ಗೋಡೆಯಲ್ಲಿ ಒಂದು ಗಡಿಯಾರ. ಸುಮ್ನೆ ನೋಡಿದರೆ ಅಷ್ಟೇ. ಗೈಡ್ ಆ ಗಡಿಯಾರದ ಗುಟ್ಟು ಬಿಚ್ಚಿದಾಗ ಇಡೀ ಕೋಣೆ ಬೇರೆ ಥರ ಕಾಣುತ್ತೆ.

ಗಡಿಯಾರದ ಮುಖವನ್ನು ಐದೈದು ನಿಮಿಷಕ್ಕೆ ಕೆಂಪು, ಹಳದಿ, ನೀಲಿ ಅಂತ ಬಣ್ಣದ ತ್ರಿಕೋನಗಳಾಗಿ ಭಾಗ ಮಾಡಿದ್ದಾರೆ. ಶತ್ರು ವಿಮಾನದ ಸುದ್ದಿ ಫೋನಲ್ಲಿ ಬಂದಾಗ ದೊಡ್ಡ ಮುಳ್ಳು ಯಾವ ಬಣ್ಣದ ಮೇಲಿದೆಯೋ ಆ ಬಣ್ಣದ ಬಾಣವನ್ನೇ ನಕಾಶೆಯ ಮೇಲೆ ಇಡಬೇಕು. ಉದ್ದ ಕೋಲಿನಿಂದ ಅದನ್ನು ತಳ್ಳುತ್ತಿದ್ದವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಮೇಲಿನ ಬಾಲ್ಕನಿಯಲ್ಲಿ ಕೂತ ಅಧಿಕಾರಿಗೆ ಯಾರನ್ನೂ ಏನೂ ಕೇಳುವ ಅಗತ್ಯವಿಲ್ಲ. ಬಣ್ಣ ನೋಡಿದರೆ ಸಾಕು, ಯಾವ ಸುದ್ದಿ ತಾಜಾ, ಯಾವುದು ಹಳಸಿದ್ದು ಗೊತ್ತಾಗುತ್ತೆ. ಗಂಟೆಗೆ ಮುನ್ನೂರು ಕಿಲೋಮೀಟರ್‌ಗೂ ಮೀರಿ ಬರುತ್ತಿರುವ ವಿಮಾನದ ಹತ್ತು ನಿಮಿಷ ಹಳೆಯ ಸುದ್ದಿ ನಂಬಿದರೆ ನಿಮ್ಮ ಪೈಲಟ್‌ಗಳು ಖಾಲಿ ಆಕಾಶಕ್ಕೆ ಹೋಗುತ್ತಾರೆ, ಅಲ್ವಾ? ರಾಡಾರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ರಾಡಾರ್‌ನ ಅರ್ಧ ಬಲ ಈ ಬಣ್ಣದ ಗಡಿಯಾರದಲ್ಲಿದೆ.

1940ರ ಸೆಪ್ಟೆಂಬರ್ 15ರಂದು ಚರ್ಚಿಲ್ ಇಲ್ಲೇ ಕೂತಿದ್ದರು. ಒಂದೊಂದೇ ಸ್ಕ್ವಾಡ್ರನ್ ಹಾರಿಹೋದ ಮೇಲೆ, ಇನ್ನೆಷ್ಟು ಮಿಕ್ಕಿವೆ ಅಂತ ಅಲ್ಲಿನ ಫೈಟರ್ ಪಡೆಯ ಕಮಾಂಡರ್ ಕೀತ್ ಪಾರ್ಕ್ ಅವರನ್ನು ಕೇಳಿದರಂತೆ. ಒಂದೂ ಇಲ್ಲ ಅಂದರಂತೆ ಪಾರ್ಕ್. ಎಲ್ಲ ಗೈಡ್‌ಗಳೂ ಇದನ್ನು ಹೇಳುತ್ತಾರೆ. ಒಳ್ಳೇ ಗೈಡ್ ಇನ್ನೂ ಒಂದು ಮಾತು ಸೇರಿಸುತ್ತಾನೆ: ಆ ದಿನ 185 ಜರ್ಮನ್ ವಿಮಾನ ಬೀಳಿಸಿದೆವು ಅಂತ ಬ್ರಿಟನ್ ಘೋಷಿಸಿತು, ನಿಜವಾಗಿ ಬಿದ್ದದ್ದು ಸುಮಾರು 60. ಇದನ್ನು ತಾನಾಗೇ ಹೇಳುವವನನ್ನು ನಂಬಬಹುದು.

ಮುಂದಿನದು ಯಾವ ಟೂರ್ ಪಟ್ಟಿಯಲ್ಲೂ ನನಗೆ ಕಂಡಿಲ್ಲ. ಆರ್‌ಎಎಫ್‌ನಲ್ಲಿ 129ನೇ ಸ್ಕ್ವಾಡ್ರನ್ ಅಂತ ಒಂದಿತ್ತು, ಪೂರ್ತಿ ಹೆಸರು 129 (ಮೈಸೂರು) ಸ್ಕ್ವಾಡ್ರನ್. 1941ರಲ್ಲಿ ಶುರುವಾದದ್ದು. ಮೈಸೂರು ಸಂಸ್ಥಾನ ಯುದ್ಧಕ್ಕೆ ಕೊಟ್ಟ ಹಣಕ್ಕೆ ಗೌರವವಾಗಿ ಆ ಹೆಸರು. ಲಾಂಛನ ಏನು ಗೊತ್ತಾ? ಗಂಡಭೇರುಂಡ. ನಮ್ಮ ಸರ್ಕಾರಿ ಪತ್ರಗಳ ಮೇಲಿರುವ ಅದೇ ಎರಡು ತಲೆಯ ಹಕ್ಕಿ. ಪೈಲಟ್‌ಗಳು ಮಾತ್ರ ಹೆಚ್ಚಾಗಿ ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳವರು. ಸ್ಪಿಟ್‌ಫೈರ್ ಹಾರಿಸಿದರು, 1942ರಲ್ಲಿ ಫ್ರಾನ್ಸ್ ಕರಾವಳಿಯ ಡಿಯೆಪ್ ಮೇಲಿನ ದಾಳಿಯಲ್ಲಿದ್ದರು, ಆಮೇಲೆ ಮಸ್ಟಾಂಗ್ ಫೈಟರ್‌ಗೆ ಬದಲಾದರು.

ಅವರ ನೆಲೆಗಳಲ್ಲಿ ಒಂದು ವೆಸ್ಟ್‌ಹ್ಯಾಂಪ್‌ನೆಟ್, ದಕ್ಷಿಣ ಕರಾವಳಿಯ ಚಿಚೆಸ್ಟರ್ ಪಕ್ಕ. ಈಗ ಅದನ್ನು ಗುಡ್‌ವುಡ್ ಅಂತಾರೆ, ಕಾರ್ ರೇಸಿನ ಹುಚ್ಚಿರುವವರಿಗೆ ಗೊತ್ತಿರುತ್ತೆ. ಏರ್‌ಫೀಲ್ಡಿನ ಸುತ್ತ ವಿಮಾನಗಳು ಓಡಾಡಲು ಇದ್ದ ರಸ್ತೆಯೇ 1948ರಲ್ಲಿ ರೇಸ್ ಟ್ರ್ಯಾಕ್ ಆಯಿತು. ಮಧ್ಯದಲ್ಲಿ ಈಗಲೂ ಚಿಕ್ಕ ವಿಮಾನಗಳು ಇಳಿಯುತ್ತವೆ. ಎರಡೂ ಕಾಲು ಕಳೆದುಕೊಂಡೂ ಫೈಟರ್ ಹಾರಿಸಿದ ಡಗ್ಲಸ್ ಬೇಡರ್ 1941ರ ಆಗಸ್ಟ್ 9ರಂದು ಇಲ್ಲಿಂದಲೇ ಹೊರಟು ಫ್ರಾನ್ಸ್‌ನಲ್ಲಿ ಸೆರೆಸಿಕ್ಕರು, ಅವರ ಪ್ರತಿಮೆ ಇದೆ. ಗಂಡಭೇರುಂಡದ ಗುರುತು ಹುಡುಕಿಕೊಂಡು ಹೋಗಬೇಡಿ, ನನಗಂತೂ ಕಂಡಿಲ್ಲ. ಹತ್ತಿರದಲ್ಲೇ ಟ್ಯಾಂಗ್‌ಮಿಯರ್ ಮ್ಯೂಸಿಯಂ ಇದೆ, ಅಲ್ಲಿನ ಸ್ವಯಂಸೇವಕರಲ್ಲಿ ವಯಸ್ಸಾದವರು ಜಾಸ್ತಿ, ಮಾತಿಗೆ ಸಿಕ್ಕರೆ ಬಿಡುವುದೇ ಇಲ್ಲ. ಮೈಸೂರು ಸ್ಕ್ವಾಡ್ರನ್ ಅಂತ ಬಾಯಿಬಿಡಿ, ಮಧ್ಯಾಹ್ನ ಕಳೆಯುತ್ತೆ.

ಇನ್ನೊಂದು ನೆಲೆ ಕೆಂಟ್‌ನ ಬ್ರೆನ್ಝೆಟ್. ರಾಮ್ನಿ ಮಾರ್ಷ್ ಅನ್ನುವ ಜೌಗು ಬಯಲಿನಲ್ಲಿ, ಕುರಿ ಮೇಯುವ ಹುಲ್ಲಿನ ಮೇಲೆ ಕಬ್ಬಿಣದ ಜಾಲರಿ ಹಾಸಿ ರನ್‌ವೇ ಮಾಡಿದ್ದರು. ಪೈಲಟ್ ಇಲ್ಲದೇ ಲಂಡನ್ ಕಡೆಗೆ ಹಾರಿ ಬರುತ್ತಿದ್ದ ವಿ-1 ಬಾಂಬ್‌ಗಳನ್ನು ನಮ್ಮ ಗಂಡಭೇರುಂಡದವರು 1944ರ ಬೇಸಿಗೆಯಲ್ಲಿ ಮಸ್ಟಾಂಗ್‌ಗಳಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದರು. ತೀರಾ ಹತ್ತಿರದಿಂದ ಹೊಡೆದರೆ ಆ ಸ್ಫೋಟ ಹೊಡೆದವನನ್ನೇ ನುಂಗುತ್ತಿತ್ತು. ಈಗ ಅಲ್ಲಿರುವುದು ಕುರಿ ಮತ್ತು ಗಾಳಿ. ಪಕ್ಕದಲ್ಲಿ ಒಂದು ಚಿಕ್ಕ ಮ್ಯೂಸಿಯಂ ಇದೆ, ಯಾವ ದಿನ ತೆರೆದಿರುತ್ತೆ ಅಂತ ಕೇಳಿಕೊಂಡೇ ಹೋಗಿ. ಇಂಥ ಕಡೆ ಸ್ಥಳೀಯ ಇತಿಹಾಸ ತಿಳಿದವರೊಬ್ಬರನ್ನು ಅರ್ಧ ದಿನಕ್ಕೆ ಗೊತ್ತು ಮಾಡಿಕೊಂಡರೆ ಕೊಟ್ಟ ದುಡ್ಡು ಸಾರ್ಥಕ. ಯಾವ ಬೇಲಿಯಿಂದ ಯಾವ ಬೇಲಿಗೆ ರನ್‌ವೇ ಇತ್ತು ಅಂತ ಕೈ ತೋರಿಸಿ ಹೇಳದಿದ್ದರೆ ಅದು ಬರೀ ಹೊಲ.

ಅದೇ ದಿನ ಸಂಜೆ ಕ್ಯಾಪೆಲ್-ಲ-ಫರ್ನ್‌ಗೆ ಹೋಗಬಹುದು, ಸಮುದ್ರದ ಕಡೆ ಮುಖ ಮಾಡಿ ಕೂತ ಪೈಲಟ್‌ನ ಪ್ರತಿಮೆ, ಪಕ್ಕದ ಗೋಡೆಯಲ್ಲಿ ಬ್ಯಾಟಲ್ ಆಫ್ ಬ್ರಿಟನ್‌ನಲ್ಲಿ ಹಾರಿದವರ ಸುಮಾರು 2,900 ಹೆಸರು. ವಾಪಸ್ ಬರುವಾಗ ಗ್ರೇವ್ಸೆಂಡ್‌ನಲ್ಲಿ ಮಹಿಂದರ್ ಸಿಂಗ್ ಪೂಜಿ ಅವರ ಪ್ರತಿಮೆ ನೋಡಿ. 1940ರಲ್ಲಿ ಭಾರತದಿಂದ ಬಂದ 24 ಪೈಲಟ್‌ಗಳಲ್ಲಿ ಒಬ್ಬರು, ಪೇಟ ಕಟ್ಟಿಕೊಂಡೇ ಹರಿಕೇನ್ ಹಾರಿಸಿದವರು.

ಉಳಿದದ್ದು ಲಿಂಕನ್‌ಶೈರ್. ಲಂಡನ್‌ನಿಂದ ದೂರ, ಒಂದು ರಾತ್ರಿ ಉಳಿಯಬೇಕು. ಇದು ಬಾಂಬರ್‌ಗಳ ಸೀಮೆ. ಈಸ್ಟ್ ಕರ್ಕ್‌ಬಿ ಅನ್ನುವ ಹಳ್ಳಿಯ ಏರ್‌ಫೀಲ್ಡ್‌ನಲ್ಲಿ ಪ್ಯಾಂಟನ್ ಅಂತ ಕೋಳಿ ಸಾಕುವ ರೈತ ಅಣ್ಣತಮ್ಮಂದಿರು ಒಂದು ಲ್ಯಾಂಕಾಸ್ಟರನ್ನು ಕೊಂಡು ಇಟ್ಟರು, ಹೆಸರು 'ಜಸ್ಟ್ ಜೇನ್'. ಅವರ ದೊಡ್ಡಣ್ಣ 1944ರ ಮಾರ್ಚ್ ಕೊನೆಯ ನ್ಯೂರೆಂಬರ್ಗ್ ದಾಳಿಗೆ ಹೋದವನು ಮರಳಲಿಲ್ಲ, ಆ ಒಂದೇ ರಾತ್ರಿ 90ಕ್ಕೂ ಹೆಚ್ಚು ಬಾಂಬರ್‌ಗಳು ನಾಶವಾದವು. ಅವನ ನೆನಪಿಗೆ ಈ ವಿಮಾನ. ದುಡ್ಡು ಕೊಟ್ಟರೆ ಒಳಗೆ ಕೂರಿಸಿಕೊಂಡು ನೆಲದ ಮೇಲೆ ಓಡಿಸುತ್ತಾರೆ. ನಾಲ್ಕು ಮರ್ಲಿನ್ ಎಂಜಿನ್ ಒಟ್ಟಿಗೆ ಹಿಡಿದಾಗ ಎದೆಗೂಡು ನಡುಗುತ್ತೆ. ಅದಕ್ಕಿಂತ ನನಗೆ ತಟ್ಟಿದ್ದು ಒಳಗಿನ ಇಕ್ಕಟ್ಟು. ರೆಕ್ಕೆಯನ್ನು ಹಿಡಿದಿರುವ ದಪ್ಪ ಲೋಹದ ತೊಲೆ ವಿಮಾನದ ಹೊಟ್ಟೆಗೆ ಅಡ್ಡಲಾಗಿ ಸೊಂಟದೆತ್ತರಕ್ಕೆ ಹಾದುಹೋಗುತ್ತೆ, ಮುಂದೆ ಹೋಗಬೇಕಾದರೆ ಅದನ್ನು ಹತ್ತಿ ತೆವಳಿ ಇಳಿಯಬೇಕು. ಬೆಳಕಲ್ಲಿ, ನಿಂತ ವಿಮಾನದಲ್ಲಿ, ಬರಿ ಶರ್ಟಿನಲ್ಲಿ ನನಗೆ ಏದುಸಿರು ಬಂತು. ಅವರು ಕತ್ತಲಲ್ಲಿ, ದಪ್ಪ ಬಟ್ಟೆಯಲ್ಲಿ, ಉರಿಯುತ್ತಿರುವ ವಿಮಾನದಿಂದ ಹೊರಗೆ ಬೀಳಲು ಕೆಲವರು ಅದನ್ನೇ ದಾಟಬೇಕಾಗುತ್ತಿತ್ತು.

ಲಿಂಕನ್ ಪಟ್ಟಣದ ಹೊರಗಿನ ಬಾಂಬರ್ ಕಮಾಂಡ್ ಸೆಂಟರ್ ನೋಡದೇ ಬರಬೇಡಿ. 2018ರಲ್ಲಿ ತೆರೆದದ್ದು. ಅಲ್ಲಿನ ಸ್ಮಾರಕ ಸ್ತಂಭದ ಎತ್ತರ 102 ಅಡಿ, ಲ್ಯಾಂಕಾಸ್ಟರ್‌ನ ಎರಡೂ ರೆಕ್ಕೆಗಳ ತುದಿಯಿಂದ ತುದಿಗೆ ಇರುವಷ್ಟೇ. ಸುತ್ತ ಬ್ರಿಟಿಷ್ ಬಾಂಬರ್ ಪಡೆಯಲ್ಲಿ ಸತ್ತವರ ಸುಮಾರು 58,000 ಹೆಸರು. ಬಾಂಬ್ ಹಾಕಿದವರ ಜೊತೆಗೆ ಬಾಂಬ್ ಬಿದ್ದವರ ಕಥೆಯನ್ನೂ ಹೇಳುತ್ತಾರೆ, ಅದು ನನಗೆ ಹಿಡಿಸಿತು. ಎಲ್ಲ ಟೂರ್‌ಗಳೂ ಹಾಗಿಲ್ಲ. ಜರ್ಮನಿಯ ಅಣೆಕಟ್ಟುಗಳನ್ನು ಒಡೆದ 1943ರ ದಾಳಿಯನ್ನು ಕ್ರಿಕೆಟ್ ಮ್ಯಾಚ್ ಗೆದ್ದ ಹಾಗೆ ವರ್ಣಿಸುವ ಗೈಡ್‌ಗಳಿದ್ದಾರೆ. ಹೋದ 133 ಜನರಲ್ಲಿ 53 ಜನ ಸತ್ತರು ಅನ್ನುವಲ್ಲಿಗೆ ನಿಲ್ಲಿಸುತ್ತಾರೆ. ಕೆಳಗೆ ಆ ನೀರಿನಲ್ಲಿ ಸಾವಿರಕ್ಕೂ ಮೀರಿ ಜನ ಮುಳುಗಿದರು, ಅವರಲ್ಲಿ ಎಷ್ಟೋ ಜನ ಜರ್ಮನರು ಜೀತಕ್ಕೆ ಹಿಡಿದು ತಂದ ಸೋವಿಯತ್ ಹೆಂಗಸರು. ಬುಕ್ ಮಾಡುವ ಮುಂಚೆ ಕಂಪನಿಗೆ ಫೋನ್ ಮಾಡಿ ಈ ದಾಳಿಯ ಬಗ್ಗೆ ಎರಡು ಮಾತು ಕೇಳಿ ನೋಡಿ, ಗೈಡ್ ಎಂಥವನು ಗೊತ್ತಾಗುತ್ತೆ. ಬಸ್ಸಿನಲ್ಲಿ ಎಷ್ಟು ಜನ, ಪ್ರತಿ ಜಾಗದಲ್ಲಿ ಎಷ್ಟು ಹೊತ್ತು ಅಂತಲೂ ಕೇಳಿ. ಡಕ್ಸ್‌ಫರ್ಡ್‌ಗೆ ಎರಡು ಗಂಟೆ ಅಂದರೆ ಅಲ್ಲಿಗೇ ಬಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೆಂಡನ್, ಡಕ್ಸ್‌ಫರ್ಡ್ ನಾವೇ ನೋಡುತ್ತಿದ್ದೆ, ಅಕ್ಸ್‌ಬ್ರಿಡ್ಜ್ ಬಂಕರ್‌ಗೆ ಅವರದೇ ಟೂರ್ ಟಿಕೆಟ್ ತಗೊಳ್ಳುತ್ತಿದ್ದೆ, ದಕ್ಷಿಣದ ಏರ್‌ಫೀಲ್ಡ್‌ಗಳಿಗೆ ಮಗಳ ಕಾರು ಮತ್ತು ಒಬ್ಬ ಸ್ಥಳೀಯ ಗೈಡ್. ಲಿಂಕನ್‌ಶೈರ್‌ಗೆ ಮಾತ್ರ, ಯಾರೂ ಗಾಡಿ ಓಡಿಸುವುದಿಲ್ಲ ಅಂದರೆ, ಎರಡು ದಿನದ ಚಿಕ್ಕ ಗುಂಪಿನ ಟೂರ್ ತಗೊಳ್ಳಿ. ಊಟಕ್ಕೆ ಸಸ್ಯಾಹಾರಿಗಳಾದರೆ ಎಲ್ಲ ಕಡೆಯೂ ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್ ಸುರಿದು ಕೊಡುತ್ತಾರೆ, ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಜೂನ್ ಆದರೂ ಜಾಕೆಟ್ ಇರಲಿ, ಏರ್‌ಫೀಲ್ಡ್ ಗಾಳಿ ಕೆಟ್ಟದ್ದು. ಜಸ್ಟ್ ಜೇನ್‌ನಲ್ಲಿ ಕೂರುವ ಆಸೆ ನಿಮ್ಮಣ್ಣನಿಗಿದ್ದರೆ ವಿಮಾನದ ಟಿಕೆಟ್‌ಗಿಂತ ಮುಂಚೆ ಅದನ್ನು ಬುಕ್ ಮಾಡಿ, ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತೆ. ಆ ತೊಲೆ ಹತ್ತಿ ದಾಟಲು ಅವರ ಮಂಡಿ ಒಪ್ಪುತ್ತಾ ಅಂತಲೂ ಕೇಳಿಕೊಳ್ಳಿ.