ನೆಲಕಡಲೆ ಮನೆ ಮತ್ತು ನಮ್ಮ ಆಟಿ ಮಳೆ

ಪ್ರಶ್ನೆ: ಹಿರಿಯಡ್ಕದ ಹತ್ತಿರ ಗುಡ್ಡೆಯ ಇಳಿಜಾರಿನಲ್ಲಿ ನಮಗೆ 20 ಸೆಂಟ್ಸ್ ಜಾಗ ಇದೆ. ಮಗ ಮೆಕ್ಸಿಕೋದ ಒಂದು ಮನೆಯ ಫೋಟೋ ತೋರಿಸಿ, ಅದೇ ಥರ ಉರುಟು ಕಾಂಕ್ರೀಟ್ ಮನೆ ಕಟ್ಟಿ, ಮೇಲೆ ಮಣ್ಣು ಹಾಸಿ ಹುಲ್ಲು ಬೆಳೆಸೋಣ ಎನ್ನುತ್ತಾನೆ. ನಮ್ಮ ಮಳೆಗೆ ಇದು ತಡೆಯುತ್ತದಾ ಸಾರ್?
— ಓದುಗರೊಬ್ಬರು, ಉಡುಪಿ

ಉತ್ತರ: ಮಗ ತೋರಿಸಿದ್ದು ಮೆಕ್ಸಿಕೋದ ವಾಸ್ತುಶಿಲ್ಪಿ ಹಾವಿಯೆರ್ ಸೆನೊಸಿಯಾನ್ 1985ರ ಹೊತ್ತಿಗೆ ಮೆಕ್ಸಿಕೋ ಸಿಟಿ ಪಕ್ಕದ ನೌಕಾಲ್ಪನ್‌ನಲ್ಲಿ ಕಟ್ಟಿದ 'ಕಾಸಾ ಆರ್ಗಾನಿಕಾ' ಇರಬೇಕು. ನೆಲಕಡಲೆ ಸಿಪ್ಪೆಯೇ ಅದರ ಮಾದರಿ. ಎರಡು ಉಬ್ಬು, ನಡುವೆ ಸಣ್ಣ ಸೊಂಟ. ಒಂದರಲ್ಲಿ ಹಗಲಿನ ಓಡಾಟ, ಇನ್ನೊಂದರಲ್ಲಿ ನಿದ್ದೆ.

ಆಕಾರಕ್ಕೆ ಹೆದರಬೇಡಿ. ಅದು ಫೆರೋಸಿಮೆಂಟ್. ಕಂಬಿ ಬಗ್ಗಿಸಿ ಹಂದರ ಮಾಡಿ, ಕೋಳಿಬಲೆ ಕಟ್ಟಿ, ಸಿಮೆಂಟು–ಮರಳಿನ ಗಾರೆ ತುಂಬುವುದು. ಜಲ್ಲಿ ಬೇಡ. ಕಮಾನಿನ ಹಾಗೆ ಬಾಗಿರುವುದರಿಂದ ತೆಳ್ಳಗಿನ ಚಿಪ್ಪೂ ಭಾರ ಹೊರುತ್ತದೆ. ಮೊಟ್ಟೆಯನ್ನು ಅಂಗೈಯಲ್ಲಿಟ್ಟು ಹಿಂಡಿ ನೋಡಿ. (ಮನೆಯವರು ಅಡುಗೆಮನೆಯಲ್ಲಿ ಇಲ್ಲದಾಗ.) ಆದರೆ ಒಂದು ಘನ ಅಡಿ ನೆನೆದ ಮಣ್ಣು 50 ಕಿಲೋಗೂ ಜಾಸ್ತಿ ತೂಗುತ್ತದೆ. ಆ ಲೆಕ್ಕವನ್ನು ಎಂಜಿನಿಯರ್ ಹತ್ತಿರವೇ ಮಾಡಿಸಿ.

ನನಗೆ ಹೆದರಿಕೆ ಇರುವುದು ನೀರಿನದ್ದು. ನಮ್ಮಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಮೆಕ್ಸಿಕೋದ ಆ ಊರಿನಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಗುಡ್ಡೆ ಕಡಿದಲ್ಲಿ ಆಟಿ ತಿಂಗಳಿಗೆ (ಜುಲೈ–ಆಗಸ್ಟ್) ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಅಡಿಯ ಜೇಡಿಮಣ್ಣಿನ ಮೇಲಿಂದ ಒಸರು ಹೊರಡುತ್ತದೆ. ಅದು ನೇರ ನಿಮ್ಮ ಗೋಡೆಗೇ ಬಂದು ನಿಲ್ಲುತ್ತದೆ. ಮಾಮೂಲಿ ತಾರಸಿ ಸೋರಿದರೆ ಮೇಲೆ ಶೀಟು ಹಾಕಿಬಿಡುತ್ತೇವೆ. ನೆಲಕಡಲೆಗೆ ಶೀಟು ಹೊದಿಸುವುದು ಹೇಗೆ?

ನಾನೇ ಪೆಟ್ಟು ತಿಂದಿದ್ದೇನೆ. ಮಲ್ಪೆಯ ನಮ್ಮ ಹಿತ್ತಿಲಲ್ಲಿ ಇದೇ ಫೆರೋಸಿಮೆಂಟಿನಲ್ಲಿ ನೀರಿನ ಟಾಂಕಿ ಕಟ್ಟಿಸಿದ್ದೆ. ಮೇಸ್ತ್ರಿ ಸಂಜೆ ಗಾರೆಯನ್ನು ಅರ್ಧಕ್ಕೆ ಬಿಟ್ಟು ಹೋದ, ಉಳಿದರ್ಧ ಮರುದಿನ ಮೆತ್ತಿದ. ಎಂಜಿನಿಯರ್ ಆದ ನಾನು ಸುಮ್ನೆ ನೋಡುತ್ತಾ ನಿಂತಿದ್ದೆ! ಐದನೇ ಮಳೆಗಾಲಕ್ಕೆ ಸರಿಯಾಗಿ ಆ ಕೂಡಿಕೆಯಲ್ಲೇ ತುಕ್ಕಿನ ಗೆರೆ ಇಳಿಯಿತು. ಉಪ್ಪುಗಾಳಿ ಬೇರೆ. ನಿಮ್ಮದು ಕಡಲಿನಿಂದ ದೂರ, ಅಷ್ಟು ಪುಣ್ಯ. ಆದರೂ ಸತು ಲೇಪದ ಬಲೆಯನ್ನೇ ತನ್ನಿ. ಒಂದು ಉಬ್ಬಿಗೆ ಗಾರೆ ಶುರು ಮಾಡಿದರೆ ಅದೇ ದಿನ ಮುಗಿಸಿ, ಎರಡು ವಾರ ಒದ್ದೆ ಗೋಣಿ ಹೊದಿಸಿಡಿ. ಎದುರುಬದುರು ಕಿಟಕಿ ಇರಲಿ, ಇಲ್ಲದಿದ್ದರೆ ಬಟ್ಟೆಗೆಲ್ಲ ಬೂಸ್ಟು ಹಿಡಿಯುತ್ತದೆ.

ನನ್ನನ್ನು ಕೇಳಿದರೆ ಮಾಡಿನ ಮೇಲಿನ ಮಣ್ಣು ಬಿಡಿ, ಉರುಟು ಆಕಾರ ಇಟ್ಟುಕೊಳ್ಳಿ. ನಕ್ಷೆ ಈಗಲೇ ಬೇಡ. ಈ ಆಟಿಯಲ್ಲಿ ಜಡಿಮಳೆ ಹೊಡೆದ ಮರುದಿನ ಮಗನನ್ನು ಕರೆದುಕೊಂಡು ಜಾಗಕ್ಕೆ ಹೋಗಿ. ಒಸರು ಕಂಡಲ್ಲೆಲ್ಲ ಒಂದೊಂದು ಗೂಟ ಹೊಡೆಯಿರಿ. ಆ ಗೂಟಗಳ ಫೋಟೋ ನನಗೆ ಕಳಿಸಿ, ಆಮೇಲೆ ಮಾತಾಡೋಣ.